ಹೈದರಾಬಾದಿನ ಜೀನಿನ ಹೊಲಿಗೆ

ಗಾಜಿನ ಕಟ್ಟಡಗಳ ಹೈಟೆಕ್ ಸಿಟಿಯನ್ನಷ್ಟೇ ಕಂಡು ಬಂದವರಿಗೆ ಹೈದರಾಬಾದ್ ಕುದುರೆಗಳ ಊರೂ ಹೌದು ಎಂದರೆ ನಂಬಿಕೆ ಬರುವುದಿಲ್ಲ. ಮೂಸಿ ನದಿ ದಾಟಿ ಮಲಕ್‌ಪೇಟೆಗೆ ಹೋದರೆ ಊರ ನಡುವೆಯೇ ರೇಸ್ ಕೋರ್ಸ್ ಇದೆ. 1868ರಲ್ಲಿ ಮೌಲಾ ಅಲಿಯಲ್ಲಿ ಶುರುವಾದ ಕುದುರೆ ಪಂದ್ಯಗಳನ್ನು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ 1886ರಲ್ಲಿ ಇಲ್ಲಿಗೆ ತಂದರು. ನಡುವೆ ಕೆಲಕಾಲ ಸಿಕಂದರಾಬಾದಿನಲ್ಲಿ ನಡೆದ ಪಂದ್ಯಗಳು ಮತ್ತೆ ಮಲಕ್‌ಪೇಟೆಗೇ ಮರಳಿದವು. ಗೋಶಾಮಹಲ್‌ನಲ್ಲಿ ನಗರ ಪೊಲೀಸರ ಅಶ್ವದಳದ ಲಾಯವಿದೆ. ಶಿವರಾಂಪಲ್ಲಿಯಲ್ಲಿ, 1975ರಲ್ಲಿ ಮೌಂಟ್ ಅಬುವಿನಿಂದ ಬಂದು ನೆಲೆಸಿದ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ, ಹೊಸ ಐಪಿಎಸ್ ಅಧಿಕಾರಿಗಳು ಕುದುರೆ ಹತ್ತುವುದನ್ನೂ ಅದರಿಂದ ಬೀಳುವುದನ್ನೂ ಒಟ್ಟಿಗೇ ಕಲಿಯುತ್ತಾರೆ. 2010ರಿಂದ ಹೋಟೆಲಾಗಿರುವ ಫಲಕ್‌ನುಮಾ ಅರಮನೆಯ ಅತಿಥಿಗಳು ಗೇಟಿನಲ್ಲಿ ಕಾರು ಇಳಿದು ಸಾರೋಟು ಏರುತ್ತಾರೆ. ಇನ್ನು ಮದುವೆಯ ತಿಂಗಳು ಬಂತೆಂದರೆ ಹಳೇ ಊರಿನ ಗಲ್ಲಿಗಳಲ್ಲಿ ಮರ್ಫಾ ವಾದ್ಯದ ಅಬ್ಬರದ ನಡುವೆ ಮದುಮಗನನ್ನು ಹೊತ್ತ ಬಿಳಿ ಕುದುರೆಗಳು.

ಪಂದ್ಯದ ಕುದುರೆಗೂ ಬಾರಾತಿನ, ಎಂದರೆ ಮದುವೆ ಮೆರವಣಿಗೆಯ, ಕುದುರೆಗೂ ಬೆಲೆಯಲ್ಲಿ ಹೋಲಿಕೆಯೇ ಇಲ್ಲ. ಆದರೆ ಎರಡರ ಮೈಮೇಲೂ ಪಟ್ಟಿಗಳಿವೆ, ಪಟ್ಟಿಗಳಲ್ಲಿ ಹೊಲಿಗೆ ಇದೆ, ಹೊಲಿಗೆ ಒಂದಲ್ಲ ಒಂದು ದಿನ ಬಿಡುತ್ತದೆ. ಸುಮಾರು 450 ಕಿಲೊ ತೂಗುವ ಪ್ರಾಣಿ ಗಂಟೆಗೆ 60 ಕಿಲೊಮೀಟರ್ ವೇಗದಲ್ಲಿರುವಾಗ ಹೊಲಿಗೆ ಬಿಟ್ಟರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಚರ್ಮಕ್ಕಿಂತ ಮೊದಲು ಸೋಲುವುದು ಸಾಮಾನ್ಯವಾಗಿ ದಾರ. ಕುದುರೆ ಧಾರಾಳವಾಗಿ ಬೆವರುವ ಪ್ರಾಣಿ. ಆ ಬೆವರಿನ ಉಪ್ಪು ಹೊಲಿಗೆಯ ತೂತುಗಳಲ್ಲಿ ಇಳಿದು ಕೂರುತ್ತದೆ. ನಾರಿನ ಅಥವಾ ಹತ್ತಿಯ ದಾರವಾದರೆ ಒಳಗಿಂದೊಳಗೇ ಕೊಳೆಯುತ್ತದೆ, ಹೊರಗಿನಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ. ಹೈದರಾಬಾದಿನ ಏಪ್ರಿಲ್–ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲು ಚರ್ಮದ ಎಣ್ಣೆ ಹೀರುತ್ತದೆ, ಜುಲೈನ ತೇವ ಬೂಷ್ಟು ಹಿಡಿಸುತ್ತದೆ. ಹಿತ್ತಾಳೆಯ ಬಕಲ್ ಸುತ್ತ ಕಟ್ಟುವ ಹಸಿರು ಕಿಲುಬು ಇನ್ನೊಂದು ಶತ್ರು. ಪಟ್ಟಿ ಎಲ್ಲಿ ಬಾಗುತ್ತದೋ, ಎಲ್ಲಿ ಲೋಹಕ್ಕೆ ತಾಗಿ ಉಜ್ಜುತ್ತದೋ ಅಲ್ಲೇ ಬಿರುಕು. ಅನುಭವಿ ರಿಪೇರಿಗಾರ ಜೀನನ್ನು ಕೈಗೆತ್ತಿಕೊಂಡರೆ ಮೊದಲು ನೋಡುವುದು ಮೇಲಿನ ಹೊಳಪನ್ನಲ್ಲ; ಅದನ್ನು ಮಗುಚಿ ಹಾಕಿ ಅಡಿಯ ಪಟ್ಟಿಗಳನ್ನು ನೋಡುತ್ತಾನೆ.

ಆ ಅಡಿಯ ಪಟ್ಟಿಗಳ ಕಥೆ ಸ್ವಾರಸ್ಯವಾಗಿದೆ. ಪೊಲೀಸ್ ಅಕಾಡೆಮಿಯಲ್ಲೋ ರೈಡಿಂಗ್ ಕ್ಲಬ್‌ನಲ್ಲೋ ಬಳಸುವ ಇಂಗ್ಲಿಷ್ ಮಾದರಿಯ ಜೀನಿನ ಒಳಗೊಂದು ಗಟ್ಟಿ ಚೌಕಟ್ಟು ಇರುತ್ತದೆ. ಅದರ ಮೇಲೆ ಹಾಯ್ದು ಬರುವ ನೇಯ್ದ ಪಟ್ಟಿಗಳಿಗೆ ಪ್ರತಿ ಬದಿಯಲ್ಲೂ ಮೂರು ಚರ್ಮದ ನಾಲಿಗೆಗಳನ್ನು ಹೊಲಿದಿರುತ್ತಾರೆ. ಕುದುರೆಯ ಹೊಟ್ಟೆಯಡಿಯಿಂದ ಬರುವ ಹೊಟ್ಟೆಪಟ್ಟಿಯ ಬಕಲ್‌ಗಳು ಈ ಮೂರರಲ್ಲಿ ಎರಡಕ್ಕೆ ಬೀಳುತ್ತವೆ. ಮೊದಲ ನಾಲಿಗೆ ಒಂದು ನೇಯ್ಗೆಯ ಮೇಲೆ, ಉಳಿದೆರಡು ಬೇರೊಂದು ನೇಯ್ಗೆಯ ಮೇಲೆ. ಆದ್ದರಿಂದ ಒಂದು ಬಕಲ್ ಮೊದಲ ನಾಲಿಗೆಗೇ ಬೀಳಬೇಕು, ಇನ್ನೊಂದು ಎರಡನೆಯದಕ್ಕೋ ಮೂರನೆಯದಕ್ಕೋ. ಒಂದು ನೇಯ್ಗೆ ಹರಿದರೂ ಇನ್ನೊಂದು ಜೀನನ್ನು ಹಿಡಿದಿರಲಿ ಎಂಬುದು ಇದನ್ನು ರೂಪಿಸಿದವರ ಲೆಕ್ಕ. ಎರಡು ಮತ್ತು ಮೂರಕ್ಕೇ ಬಕಲ್ ಹಾಕಿದವನು ಆ ಲೆಕ್ಕವನ್ನೆಲ್ಲ ನೀರಿಗೆ ಬಿಟ್ಟಂತೆ.

ರಿಕಾಪಿನ ಪಟ್ಟಿಯದು ಇನ್ನೊಂದು ವಿಚಿತ್ರ. ಸವಾರ ಹತ್ತುವುದು ಎಡಗಡೆಯಿಂದ. ಹತ್ತುವಾಗಲೆಲ್ಲ ಅವನ ಇಡೀ ಭಾರ ಎಡ ರಿಕಾಪಿನ ಮೇಲೆ. ವರ್ಷ ಕಳೆಯುವುದರೊಳಗೆ ಎಡಪಟ್ಟಿ ಬಲಪಟ್ಟಿಗಿಂತ ಉದ್ದವಾಗಿರುತ್ತದೆ, ಸವಾರ ತನಗರಿವಿಲ್ಲದೆ ಓರೆಯಾಗಿ ಕೂರತೊಡಗುತ್ತಾನೆ, ಕುದುರೆಯ ಬೆನ್ನು ನೋಯುತ್ತದೆ. ಇದಕ್ಕೆ ರಿಪೇರಿ ಬೇಡ. ಆಗಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ಮುಗಿಯಿತು. ಕಾಸು ಖರ್ಚಿಲ್ಲದ ಈ ಉಪಾಯವನ್ನು ಪಾಲಿಸುವವರು ಕಡಿಮೆ.

ಈಗ ಹೊಲಿಗೆಯ ವಿಷಯ. ಜೀನುಗಾರರ ಕೈಹೊಲಿಗೆಯಲ್ಲಿ ದಾರ ಒಂದೇ, ಸೂಜಿ ಎರಡು. ಮೇಣ ಹಚ್ಚಿದ ದಾರದ ಎರಡು ತುದಿಗೂ ಒಂದೊಂದು ಸೂಜಿ. ದಬ್ಬಣದಿಂದ ತೂತು ಮಾಡಿ ಎರಡೂ ಸೂಜಿಗಳನ್ನು ಎದುರುಬದುರಾಗಿ ಅದೇ ತೂತಿನಲ್ಲಿ ದಾಟಿಸಿ ಎಳೆಯುತ್ತಾರೆ. ಹೀಗೆ ಪ್ರತಿ ತೂತಿನಲ್ಲೂ ದಾರ ಎರಡು ಸಲ ಹಾದುಹೋಗಿರುತ್ತದೆ. ಒಂದು ಕಡೆ ಸವೆದು ಕಡಿದರೂ ಇನ್ನೊಂದು ಎಳೆ ಚರ್ಮವನ್ನು ಹಿಡಿದಿರುತ್ತದೆ, ಹೊಲಿಗೆ ಸರಸರನೆ ಬಿಚ್ಚಿಕೊಳ್ಳುವುದಿಲ್ಲ.

ಯಂತ್ರದ ಹೊಲಿಗೆಯ ರೀತಿಯೇ ಬೇರೆ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ತತ್ವವೇ ಇಂದಿಗೂ ನಮ್ಮ ದರ್ಜಿ ಅಂಗಡಿಗಳಲ್ಲಿ ಓಡುತ್ತಿದೆ: ಮೇಲೊಂದು ದಾರ, ಕೆಳಗೆ ಬಾಬಿನ್‌ನಲ್ಲಿ ಇನ್ನೊಂದು ದಾರ, ಎರಡೂ ಬಟ್ಟೆಯ ಅಥವಾ ಚರ್ಮದ ಮಧ್ಯದಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಮೇಲಿನದು ಮೇಲೆಯೇ, ಕೆಳಗಿನದು ಕೆಳಗೆಯೇ. ಒಂದು ಬದಿಯ ದಾರ ಸವೆದು ಹೋಯಿತೆಂದರೆ ಇನ್ನೊಂದು ಬದಿಯದಕ್ಕೆ ಹಿಡಿತವಿಲ್ಲ. ಅಂಗಿಯ ಹೊಲಿಗೆ ಬಿಟ್ಟರೆ ನಗೆಪಾಟಲು, ಹೊಟ್ಟೆಪಟ್ಟಿಯದು ಬಿಟ್ಟರೆ ಆಸ್ಪತ್ರೆ. ಹಾಗಾಗಿ ಜೀವ ಹಿಡಿದಿರುವ ಜಾಗಗಳನ್ನು ಕೈಯಲ್ಲೇ ಹೊಲಿಯಬೇಕೆಂದು ವಾದಿಸುವ ಹಳಬರು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರ ವಾದದಲ್ಲಿ ತಿರುಳಿದೆ. ಆದರೆ ಯಂತ್ರವನ್ನು ಪೂರ್ತಿ ದೂರ ಇಡುವಷ್ಟು ತಿರುಳಿಲ್ಲ. ದಪ್ಪ ದಾರ, ಸರಿಯಾದ ಬಿಗಿ, ಚರ್ಮದಲ್ಲಿ ತುಸು ಹುದುಗಿ ಕೂತ ಹೊಲಿಗೆ, ಇವಿಷ್ಟು ಇದ್ದರೆ ಯಂತ್ರದ ಹೊಲಿಗೆಯೂ ವರ್ಷಗಟ್ಟಲೆ ಬಾಳುತ್ತದೆ. ಆತುರದ ಕೈಹೊಲಿಗೆಗಿಂತ ಸಾವಧಾನದ ಯಂತ್ರದ ಹೊಲಿಗೆಯೇ ವಾಸಿ.

ಮನೆಯ ಹೊಲಿಗೆ ಯಂತ್ರದಿಂದ ಈ ಕೆಲಸ ಆಗದು. ಬಟ್ಟೆಗೆ ಹಾಕುವ 90 ನಂಬರಿನ ಸೂಜಿಯ ದಪ್ಪ 0.9 ಮಿಲಿಮೀಟರ್, ದಪ್ಪ ಚರ್ಮಕ್ಕೆ 180, 200, 230 ನಂಬರಿನವು ಬೇಕು, ಎಂದರೆ ಎರಡು ಮಿಲಿಮೀಟರಿನ ಆಸುಪಾಸು. ಅಷ್ಟು ದಪ್ಪದ ಸೂಜಿಯನ್ನು ನಾಲ್ಕು ಪದರ ಚರ್ಮದಲ್ಲಿ ಇಳಿಸಿ ಮೇಲೆತ್ತಬೇಕಾದರೆ ಯಂತ್ರದ ಮೈ ಎರಕದ ಕಬ್ಬಿಣದ್ದಾಗಿರಬೇಕು.

ನಮ್ಮ ಊರುಗಳಲ್ಲಿ ಚಪ್ಪಲಿ, ಬೂಟು ರಿಪೇರಿಯವರ ಬಳಿ ಕಾಣುವ ಉದ್ದ ಮೂತಿಯ ಯಂತ್ರ ಒಂದಿದೆಯಲ್ಲ, ಕೈಚಕ್ರ ತಿರುಗಿಸಿ ಹೊಲಿಯುವಂಥದ್ದು? ಅದರ ಮೂಲಪುರುಷ ಸಿಂಗರ್ ಕಂಪನಿಯ 29ನೇ ವರ್ಗದ ಯಂತ್ರ. ಹಳೆಯವುಗಳ ಮೇಲೆ 29ಕೆ ಎಂದಿದ್ದರೆ ಆ 'ಕೆ' ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆಯ ಗುರುತು. ಇದರ ಚಮತ್ಕಾರವೆಲ್ಲ ಪಾದದಲ್ಲಿದೆ. ಬೇರೆ ಯಂತ್ರಗಳಲ್ಲಿ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಮುಂದಕ್ಕೆ ದೂಡುತ್ತವೆ. ಇದರಲ್ಲಿ ಮೇಲಿನ ಪಾದವೇ ಚರ್ಮವನ್ನು ಕಚ್ಚಿ ಎಳೆಯುತ್ತದೆ, ಜೊತೆಗೆ ಸುತ್ತ 360 ಡಿಗ್ರಿಯೂ ತಿರುಗುತ್ತದೆ. ಬೂಟಿನ ಒಳಗೆ, ಚೀಲದ ಮೂಲೆಯಲ್ಲಿ, ಜೀನಿನ ಮೆತ್ತೆಯ ಬಳಿ, ಎಲ್ಲಿ ಬೇಕಾದರೂ ಮೂತಿ ತೂರಿಸಿ ಯಾವ ದಿಕ್ಕಿಗೆ ಬೇಕಾದರೂ ಹೊಲಿಯಬಹುದು. ಆದರೆ ಇದರದು ಪುಟ್ಟ ಬಾಬಿನ್, ದಾರ ಬೇಗ ಮುಗಿಯುತ್ತದೆ. ತುಂಬ ದಪ್ಪ ದಾರವನ್ನು ತಾಳುವುದಿಲ್ಲ. ಪಾದದ ಹಲ್ಲುಗಳ ಗುರುತು ಚರ್ಮದ ಮೇಲೆ ಮೂಡುತ್ತದೆ. ಬಾರಾತಿನ ಕುದುರೆಯ ಜರಿ ಮುಸುಕಿಗೆ, ತೆಳು ಅಲಂಕಾರಕ್ಕೆ, ಜೀನಿನ ಹೊದಿಕೆಗೆ ಇದು ಸಾಕು. ಹೊಟ್ಟೆಪಟ್ಟಿಯ ನಾಲಿಗೆಗೆ ಸಾಲದು.

ಅದಕ್ಕೆ ಬೇಕಾದದ್ದು ಜಪಾನಿನ ಜುಕಿ 441, ಜರ್ಮನಿಯ ಆಡ್ಲರ್ 205 ಮಾದರಿಯ ಭಾರಿ ಯಂತ್ರ. ಸುಮಾರು 20 ಮಿಲಿಮೀಟರ್ ದಪ್ಪದವರೆಗೂ ಹೊಲಿಯಬಲ್ಲವು ಇವು. ತೋಳು ದುಂಡಗಿರುವುದರಿಂದ ಬಾಗಿದ ವಸ್ತುವನ್ನು ಸುತ್ತ ತೊಡಿಸಿ ಹೊಲಿಯಬಹುದು. ಇವುಗಳಲ್ಲಿ ಸೂಜಿ, ಪಾದ, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಇದರ ಬೆಲೆ ತಿಳಿಯಬೇಕಾದರೆ ಸಾದಾ ಯಂತ್ರದಲ್ಲಿ ಎರಡು ಪದರ ದಪ್ಪ ಚರ್ಮ ಹೊಲಿದು ನೋಡಬೇಕು: ಕೆಳಗಿನ ಪದರ ಮುಂದೆ ಹೋಗಿರುತ್ತದೆ, ಮೇಲಿನದು ಹಿಂದೆ ಉಳಿದಿರುತ್ತದೆ, ಕೊನೆಯಲ್ಲಿ ಅಂಚುಗಳು ಕೂಡುವುದೇ ಇಲ್ಲ. ಮೂರೂ ಜೊತೆಯಾಗಿ ಚಲಿಸಿದರೆ ಪದರಗಳು ಅಲುಗಾಡದೆ ಒಟ್ಟಿಗೇ ಸಾಗುತ್ತವೆ.

ಮೋಟಾರಿನದೂ ಒಂದು ಪಾಠ. ಹಳೆಯ ಕ್ಲಚ್ ಮೋಟಾರು ಸ್ವಿಚ್ ಹಾಕಿದೊಡನೆ ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತಲೇ ಇರುತ್ತದೆ, ಪೆಡಲ್ ಒತ್ತಿದಾಗ ಯಂತ್ರಕ್ಕೆ ಜೋಡಿಕೊಳ್ಳುತ್ತದೆ. ಗಾರ್ಮೆಂಟ್ ಕಾರ್ಖಾನೆಗೆ ಆ ವೇಗ ಬೇಕು. ಚರ್ಮಕ್ಕೆ ಆ ವೇಗವೇ ಶಾಪ: ಸೂಜಿ ಕಾದು ದಾರ ಕರಗುತ್ತದೆ, ಒಂದು ಹೊಲಿಗೆ ದಾರಿ ತಪ್ಪಿದರೆ ನಿಲ್ಲಿಸುವಷ್ಟರಲ್ಲಿ ಹತ್ತು ತೂತು ಬಿದ್ದಿರುತ್ತವೆ. ಬಟ್ಟೆಯ ತೂತು ಮುಚ್ಚಿಕೊಳ್ಳಬಹುದು, ಚರ್ಮದ ತೂತು ಶಾಶ್ವತ. ಪೆಡಲ್ ಮೆಟ್ಟಿದಾಗಷ್ಟೇ ತಿರುಗುವ, ಒಂದೊಂದೇ ಹೊಲಿಗೆ ಹಾಕಬಲ್ಲ ಸರ್ವೊ ಮೋಟಾರುಗಳು ಅಗ್ಗವಾಗಿ ಸಿಗತೊಡಗಿದ ಮೇಲೆ ಸಣ್ಣ ರಿಪೇರಿ ಅಂಗಡಿಗೂ ಭಾರಿ ಯಂತ್ರ ಪಳಗಿತು. ಹೊಸ ಯಂತ್ರಗಳಿಗಿಂತ ಈ ಪುಟ್ಟ ಮೋಟಾರೇ ಈ ಕಸುಬಿನಲ್ಲಾದ ದೊಡ್ಡ ಬದಲಾವಣೆ ಎನ್ನಬೇಕು.

ಹೊಸದನ್ನು ಹೊಲಿಯುವುದಕ್ಕೂ ಹಳೆಯದನ್ನು ರಿಪೇರಿ ಮಾಡುವುದಕ್ಕೂ ಇರುವ ಅಂತರ ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಹಳೆಯ ಪಟ್ಟಿಯಲ್ಲಿ ಆಗಲೇ ತೂತುಗಳ ಸಾಲೊಂದಿದೆ. ಕೈಯಲ್ಲಿ ಹೊಲಿಯುವವನು ಅದೇ ತೂತುಗಳನ್ನು ಹುಡುಕಿ ಸೂಜಿ ಹಾಕುತ್ತಾನೆ. ಯಂತ್ರಕ್ಕೆ ಹಳೆಯ ತೂತಿನ ಗೊಡವೆ ಇಲ್ಲ. ತನ್ನ ಲೆಕ್ಕದ ದೂರಕ್ಕೆ ಹೊಸ ತೂತು ಹೊಡೆಯುತ್ತಾ ಹೋಗುತ್ತದೆ. ಹಳೆಯ ಎರಡು ತೂತುಗಳ ನಡುವೆ ಹೊಸದೊಂದು ಬಿದ್ದರೆ ಚರ್ಮ ಅಂಚೆಚೀಟಿಯ ಅಂಚಿನಂತಾಗುತ್ತದೆ, ಎಳೆದ ಕಡೆ ಗೆರೆ ಹಿಡಿದು ಹರಿಯುತ್ತದೆ. ಕೆಲವರು ಮೋಟಾರು ಆರಿಸಿ, ಕೈಯಲ್ಲಿ ಚಕ್ರ ತಿರುಗಿಸುತ್ತಾ, ಪ್ರತಿ ಸಲವೂ ಸೂಜಿಯ ಮೊನೆಯನ್ನು ಹಳೆಯ ತೂತಿಗೆ ನೇರ ಮಾಡಿ ಇಳಿಸುತ್ತಾರೆ. ಅಷ್ಟು ತಾಳ್ಮೆ ಇದ್ದರೆ ಯಂತ್ರವೂ ಸರಿ. ಹೊಲಿಗೆ ಒತ್ತಾದಷ್ಟೂ ಗಟ್ಟಿ ಎಂಬುದೂ ಇಲ್ಲಿ ಸುಳ್ಳು. ನಾಜೂಕಾದ ತಲೆಪಟ್ಟಿಗೆ ಇಂಚಿಗೆ ಎಂಟರ ಸುಮಾರಿನ ಹೊಲಿಗೆ ಚೆಂದ. ಸಾರೋಟಿನ ದಪ್ಪ ಪಟ್ಟಿಗೆ ಐದಾರು ಸಾಕು.

ಯಂತ್ರದ ಮುಂದೆ ಕೂರುವ ಮೊದಲು ಮಾಡಬೇಕಾದ ಕೆಲಸವೇ ಹೆಚ್ಚು. ಮಣ್ಣು, ಬೆವರು ಹಿಡಿದ ಪಟ್ಟಿಯನ್ನು ತೊಳೆದು ಒಣಗಿಸದೆ ಹೊಲಿದರೆ ಸೂಜಿ ಮೊಂಡಾಗುತ್ತದೆ. ಗ್ಲಾಂಡರ್ಸ್‌ನಂಥ ಮಾರಕ ರೋಗ ಕುದುರೆಯಿಂದ ಕುದುರೆಗೆ ಹಂಚಿಕೊಂಡ ಸಾಮಾನುಗಳ ಮೂಲಕವೂ ದಾಟಬಲ್ಲದು, ಹಾಗಾಗಿ ಹತ್ತಾರು ಲಾಯಗಳ ಪಟ್ಟಿಗಳು ಒಂದೇ ಮೇಜಿನ ಮೇಲೆ ರಾಶಿ ಬೀಳುವ ಅಂಗಡಿಯಲ್ಲಿ ಈ ಶುಚಿ ಬರೀ ಅಂದಕ್ಕಲ್ಲ. ಆಮೇಲೆ ಹಳೆಯ ದಾರವನ್ನು ಒಂದೊಂದಾಗಿ ಕಿತ್ತು ತೆಗೆಯಬೇಕು. ತೇಪೆ ಹಾಕುವ ತುಂಡಿನ ಅಂಚನ್ನು ರಂಪಿಗೆಯಿಂದ ತೆಳುವಾಗಿ ಕೆರೆಯಬೇಕು. ಇಲ್ಲದಿದ್ದರೆ ಮೆಟ್ಟಿಲಿನಂತೆ ಎದ್ದ ಅಂಚು ಕುದುರೆಯ ಮೈಯನ್ನು ಉಜ್ಜಿ ಗಾಯ ಮಾಡುತ್ತದೆ. ಕೆಲವನ್ನು ಮುಟ್ಟದೆ ವಾಪಸು ಕೊಡುವುದೂ ಕಸುಬೇ. ಪಟ್ಟಿಯನ್ನು ಬಾಗಿಸಿದಾಗ ಮೇಲ್ಮೈ ಬಿರಿದರೆ, ಉಜ್ಜಿದಾಗ ಕೆಂಪು ಪುಡಿ ಉದುರಿದರೆ ಆ ಚರ್ಮದ ಆಯುಸ್ಸು ಮುಗಿದಿದೆ, ಯಾವ ಎಣ್ಣೆಯೂ ಅದನ್ನು ಬದುಕಿಸದು. ಲಗಾಮು ನಡುವೆ ತುಂಡಾದರೆ ಗಂಟು ಹಾಕಿ ಹೊಲಿದುಕೊಡುವವನಿಗಿಂತ "ಹೊಸದು ತಗೊಳ್ಳಿ" ಎಂದು ಹೇಳಿ ಗಿರಾಕಿಯ ಮುನಿಸು ಕಟ್ಟಿಕೊಳ್ಳುವವನೇ ಒಳ್ಳೆಯ ರಿಪೇರಿಗಾರ.

ಕನ್ನಡ ನಾಡಿಗೂ ಈ ಊರಿನ ಕುದುರೆಗಳಿಗೂ ನಂಟು ಹಳೆಯದು. 1896ರಲ್ಲಿ ಬೆಂಗಳೂರಿನ ದಂಡಿನಲ್ಲಿ ಇಳಿದ ನಾಲ್ಕನೇ ಹುಸಾರ್ಸ್ ಪಡೆ ಕೆಲವೇ ವಾರಗಳಲ್ಲಿ ಹೈದರಾಬಾದಿಗೆ ಬಂದು ಪೋಲೊದ ಗೋಲ್ಕೊಂಡಾ ಕಪ್ ಗೆದ್ದುಕೊಂಡು ಹೋಯಿತು. ಆ ತಂಡದಲ್ಲಿದ್ದ ಯುವಕ ವಿನ್‌ಸ್ಟನ್ ಚರ್ಚಿಲ್. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಮೈಸೂರು ಮತ್ತು ಜೋಧಪುರ ಲ್ಯಾನ್ಸರ್‌ಗಳು ಕುದುರೆಯ ಮೇಲೆ ನುಗ್ಗಿದಾಗ ಹೈದರಾಬಾದ್ ಲ್ಯಾನ್ಸರ್‌ಗಳೂ ಅದೇ ಬ್ರಿಗೇಡಿನ ಭಾಗವಾಗಿದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರವು. ಮೆಷಿನ್ ಗನ್ ಎದುರು ಗುಡ್ಡ ಹತ್ತಿದ ಆ ಕುದುರೆಗಳ ಹೊಟ್ಟೆಪಟ್ಟಿಗಳು ಬಿಟ್ಟಿದ್ದರೆ ಈಟಿ ಹಿಡಿದ ಕೈಗಳು ಏನೂ ಮಾಡುವಂತಿರಲಿಲ್ಲ. ಅಶ್ವದಳ ಎಂದ ಮೇಲೆ ಲಾಳ ಹೊಡೆಯುವವನೂ ಜೀನು ಹೊಲಿಯುವವನೂ ಜೊತೆಗಿರಲೇಬೇಕಿತ್ತು.

ಆ ಹೊಲಿಯುವವರು ಯಾರು? ಮಹಾರಾಷ್ಟ್ರ, ಉತ್ತರ ಕರ್ನಾಟಕದ ಕಡೆ ಜೀನು ಕಟ್ಟುವುದನ್ನೇ ಕುಲಕಸುಬಾಗಿಸಿಕೊಂಡ ಜೀನಗಾರರಿದ್ದರು. ಕುದುರೆ ಕಡಿಮೆಯಾದಂತೆ ಬೇರೆ ಬೇರೆ ಕುಶಲಕೆಲಸಗಳತ್ತ ಹೊರಳಿದರು. ಚರ್ಮ ಹದ ಮಾಡುವ, ಮೆಟ್ಟು ಹೊಲಿಯುವ ಕೆಲಸ ಢೋರ, ಸಮಗಾರ, ಮಾದಿಗ, ಮೋಚಿ ಸಮುದಾಯಗಳದು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್ ಜಿಲ್ಲೆಯ ಬಸವಕಲ್ಯಾಣ ಸಮಗಾರ ಹರಳಯ್ಯನ ನೆನಪಿನ ಊರು. ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿಕೊಟ್ಟ ಹರಳಯ್ಯನ ಕಥೆಯನ್ನು ಭಕ್ತಿಯಿಂದ ಕೇಳುವ ಸಮಾಜವೇ ಚರ್ಮ ಮುಟ್ಟುವವರನ್ನು ಊರ ಹೊರಗಿಟ್ಟಿತ್ತು ಎಂಬುದನ್ನೂ ಹೇಳದೆ ಈ ಕಸುಬಿನ ಇತಿಹಾಸ ಪೂರ್ತಿಯಾಗದು.

ಕೈಗಾರಿಕೆಯಾಗಿ ಜೀನು ತಯಾರಿಕೆ ಬೆಳೆದದ್ದು ಉತ್ತರದಲ್ಲಿ. 1860ರ ದಶಕದಲ್ಲಿ ಬ್ರಿಟಿಷರು ಸೇನೆಗಾಗಿ ಕಾನ್ಪುರದಲ್ಲಿ ಜೀನು ಸಾಮಾನಿನ ಸರ್ಕಾರಿ ಕಾರ್ಖಾನೆ ತೆರೆದರು. ಕಾನ್ಪುರದ ಜೀನಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ಹೊರದೇಶಗಳಿಗೂ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಇದೇ ಕೀರ್ತಿ ವಾಲ್ಸಾಲ್ ಪಟ್ಟಣದ್ದು. ಅಲ್ಲಿನ ಫುಟ್‌ಬಾಲ್ ತಂಡವನ್ನು ಇಂದಿಗೂ ಜೀನುಗಾರರೆಂದೇ ಕರೆಯುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾ, ಒಹಾಯೊಗಳಲ್ಲಿ ಕಾರು ಬೇಡವೆಂದು ಕುದುರೆಗಾಡಿಯಲ್ಲೇ ಓಡಾಡುವ ಆಮಿಶ್ ಜನರ ಊರುಗಳಲ್ಲಿ ಪಟ್ಟಿ ಹೊಲಿಯುವ ಅಂಗಡಿಗಳು ದಿನವಿಡೀ ಗಿಜಿಗುಡುತ್ತವೆ, ನೂರು ವರ್ಷದ ಹಿಂದಿನ ಭಾರಿ ಯಂತ್ರಗಳು ಅಲ್ಲಿ ಇನ್ನೂ ದುಡಿಯುತ್ತಿವೆ.

ದಕ್ಷಿಣದ ಪಾಲು ಇರುವುದು ಚರ್ಮದ ಹದದಲ್ಲಿ. ಕ್ರೋಮಿಯಂ ಲವಣದಿಂದ ಬೇಗನೆ ಹದ ಮಾಡುವ ವಿಧಾನ 19ನೇ ಶತಮಾನದ ಕೊನೆಯಲ್ಲಿ ಬಂತು. ಅದರಿಂದ ಬರುವ ಚರ್ಮ ಮೆದು, ಆದರೆ ಹಿಗ್ಗುತ್ತದೆ. ಲಗಾಮು, ಹೊಟ್ಟೆಪಟ್ಟಿಗಳಿಗೆ ಹಿಗ್ಗದ, ಬಿಗಿ ಮೈಯ ಚರ್ಮ ಬೇಕು. ಅದು ತೊಗಟೆ, ಕಾಯಿಗಳ ಒಗರಿನಲ್ಲಿ ವಾರಗಟ್ಟಲೆ ನೆನೆದು ಹದವಾದದ್ದು. ದಕ್ಷಿಣ ಭಾರತದಲ್ಲಿ ಇದಕ್ಕೆ ಬಳಸುತ್ತಿದ್ದದ್ದು ಆವರಿಕೆ ಗಿಡದ ತೊಗಟೆ ಮತ್ತು ಅಳಲೆಕಾಯಿ. ತೆಲುಗರು ತಂಗೇಡು ಎನ್ನುವ ಇದೇ ಆವರಿಕೆಯ ಹಳದಿ ಹೂವು ಈಗ ತೆಲಂಗಾಣದ ರಾಜ್ಯಪುಷ್ಪ. ಬತುಕಮ್ಮ ಹಬ್ಬದಲ್ಲಿ ಹೆಂಗಸರು ಅದನ್ನು ಸುತ್ತು ಸುತ್ತಾಗಿ ಜೋಡಿಸುತ್ತಾರೆ. ಹೂವು ಹಬ್ಬಕ್ಕೆ, ತೊಗಟೆ ಚರ್ಮ ಹದ ಮಾಡುವ ಹೊಂಡಕ್ಕೆ.

ಕುದುರೆ ಸಾಮಾನಿನಿಂದಷ್ಟೇ ಒಂದು ಭಾರಿ ಯಂತ್ರದ ಸಾಲ ತೀರುವುದು ಕಷ್ಟ. ರೇಸಿಗೆ ಋತುಗಳಿವೆ, ಮದುವೆಗೆ ಮುಹೂರ್ತಗಳಿವೆ. ಉಳಿದ ತಿಂಗಳು ಅದೇ ಯಂತ್ರ ಬೈಕಿನ ಸೀಟು, ಸೋಫಾ, ಸೂಟ್‌ಕೇಸು, ನಾಯಿಯ ಕೊರಳಪಟ್ಟಿ, ಲಾರಿಯ ಟಾರ್ಪಾಲು ಹೊಲಿಯಬೇಕು. ಇದನ್ನು ಕಸುಬಿನ ಅವನತಿ ಎಂದು ಮರುಗುವವರಿದ್ದಾರೆ. ವಾಸ್ತವವಾಗಿ ಬೈಕಿನ ಸೀಟೇ ಜೀನಿನ ರಿಪೇರಿಯನ್ನು ಉಳಿಸಿಕೊಂಡಿದೆ. ಹೈದರಾಬಾದಿನ ರಾಯದುರ್ಗದಲ್ಲಿ ಪಾದರಕ್ಷೆ ವಿನ್ಯಾಸ ಕಲಿಸುವ ಎಫ್‌ಡಿಡಿಐ ಸಂಸ್ಥೆಯ ಕ್ಯಾಂಪಸ್ಸಿದೆ, ಚೆನ್ನೈನಲ್ಲಿ 1948ರಿಂದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಇದೆ. ಆದರೂ ಹರಿದ ಹೊಟ್ಟೆಪಟ್ಟಿಯನ್ನು ಕೈಗೆತ್ತಿಕೊಂಡು ಹೊಲಿಯಬಹುದೋ ಬಾರದೋ ಎಂದು ಹೇಳುವ ವಿದ್ಯೆ ತರಗತಿಗಿಂತ ಮೇಜಿನ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಬರುವಂಥದ್ದು.

ಈಚೆಗೆ ಚರ್ಮದ ಜಾಗಕ್ಕೆ ನೈಲಾನ್ ನೇಯ್ಗೆ, ಪ್ಲಾಸ್ಟಿಕ್ ಲೇಪಿಸಿದ ಪಾಲಿಯೆಸ್ಟರ್ ಪಟ್ಟಿಗಳು ಬಂದಿವೆ. ರೇಸಿನಲ್ಲಿ ಜಾಕಿಯನ್ನು ಜೀನಿನ ಸಮೇತ ತೂಗುವುದರಿಂದ ಅಲ್ಲಿ ಹಗುರವಾದದ್ದಕ್ಕೇ ಬೆಲೆ. ಅರ್ಧ ಕಿಲೊ ತೂಗದ ಜೀನುಗಳೂ ಇವೆ. ಇವನ್ನು ನೀರಲ್ಲಿ ಅದ್ದಿ ತೊಳೆದರೆ ಆಯಿತು, ಎಣ್ಣೆಯ ಹಂಗಿಲ್ಲ. ರಿಪೇರಿ ಮಾತ್ರ ಬೇರೆಯೇ ಲೆಕ್ಕ ಕೇಳುತ್ತದೆ. ಚರ್ಮದ ಸೂಜಿಯ ಮೊನೆ ಪುಟ್ಟ ಕತ್ತಿಯಂತಿದ್ದು ಸೀಳಿಕೊಂಡು ಇಳಿಯುತ್ತದೆ. ಅದನ್ನೇ ನೈಲಾನ್ ಪಟ್ಟಿಗೆ ಹಾಕಿದರೆ ಪ್ರತಿ ಹೊಲಿಗೆಯಲ್ಲೂ ನೇಯ್ಗೆಯ ಎಳೆಗಳು ಕಡಿದು, ಹೊಲಿದಷ್ಟೂ ಪಟ್ಟಿ ದುರ್ಬಲವಾಗುತ್ತದೆ. ಅದಕ್ಕೆ ಎಳೆಗಳನ್ನು ಸರಿಸಿ ನಡುವೆ ನುಸುಳುವ ದುಂಡು ಮೊನೆಯ ಸೂಜಿ ಬೇಕು. ಕತ್ತರಿಸಿದ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ ಮುಚ್ಚಬೇಕು. ಬಿಸಿಲಲ್ಲಿ ನಿಲ್ಲುವ ಸಾಮಾನಿಗೆ ನೈಲಾನ್ ದಾರಕ್ಕಿಂತ ಪಾಲಿಯೆಸ್ಟರ್ ದಾರ ಹೆಚ್ಚು ತಾಳುತ್ತದೆ. ಒಂದೇ ತಲೆಪಟ್ಟಿಯಲ್ಲಿ ಅರ್ಧ ಚರ್ಮ, ಅರ್ಧ ನೇಯ್ಗೆ ಇರುವ ಸಾಮಾನು ಮೇಜಿಗೆ ಬಂದರೆ ನಡುವೆ ಯಂತ್ರ ನಿಲ್ಲಿಸಿ ಸೂಜಿ ಬದಲಿಸಬೇಕು.